ಬೆಣ್ಣೆಹಳ್ಳದ ಕಪ್ಪು, ಲೆನಾ ನದಿಯ ಕಂದು

ಧಾರವಾಡದ ದಿಬ್ಬದ ಮೇಲೆ ಬಿದ್ದ ಮಳೆಗೆ ಎರಡು ದಾರಿ. ಪಡುವಣಕ್ಕೆ ಇಳಿದ ನೀರು ಶಾಲ್ಮಲೆಯಾಗಿ, ಬೇಡ್ತಿಯಾಗಿ, ಕರಾವಳಿಯಲ್ಲಿ ಗಂಗಾವಳಿ ಎಂಬ ಹೆಸರು ಹೊತ್ತು ಅರಬ್ಬಿ ಸಮುದ್ರ ಸೇರುತ್ತದೆ. ಮೂಡಣಕ್ಕೆ ಇಳಿದ ನೀರು ತುಪ್ಪರಿಹಳ್ಳ, ಬೆಣ್ಣೆಹಳ್ಳ ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಆಮೇಲೆ ದಖನ್ ನಾಡನ್ನೆಲ್ಲ ದಾಟಿ ಬಂಗಾಳ ಕೊಲ್ಲಿಗೆ. ಒಂದೇ ಮೋಡದ ನೀರು ಎರಡು ಸಮುದ್ರಗಳ ಪಾಲಾಗುವ ಈ ಸೀಮೆಯಲ್ಲಿ, ಮಳೆಗಾಲದಲ್ಲಿ ಕಲಘಟಗಿಯಿಂದ ನವಲಗುಂದದವರೆಗೆ ಒಂದು ಸುತ್ತು ಹಾಕಿದವರಿಗೆ ಹರಿಯುವ ನೀರಿನ ಬಣ್ಣ ತಾಲ್ಲೂಕಿನಿಂದ ತಾಲ್ಲೂಕಿಗೆ ಬದಲಾಗುವುದು ಕಣ್ಣಿಗೇ ಕಾಣುತ್ತದೆ. ಕಲಘಟಗಿಯ ಕಾಡಂಚಿನಲ್ಲಿ ಕೆಂಪು, ಕುಂದಗೋಳ ದಾಟುವಾಗ ಬೂದು, ನವಲಗುಂದದ ಎರೆ ಸೀಮೆಯಲ್ಲಿ ಕಪ್ಪು.

ಆ ಬಣ್ಣ ನೆಲದ್ದು. ಅದರಲ್ಲಿ ಮರಳು, ಜೇಡಿ, ಸುಣ್ಣದ ಕಣ ಇರುವ ಹಾಗೆಯೇ ಕೊಳೆತ ಬೇರು, ತರಗೆಲೆ, ತಿಪ್ಪೆಗೊಬ್ಬರದ ಚೂರು, ಮಣ್ಣಿನ ಸೂಕ್ಷ್ಮಜೀವಿಗಳು ಬಿಟ್ಟುಹೋದ ಅಂಟು ಎಲ್ಲವೂ ಇರುತ್ತವೆ. ಇವೆಲ್ಲದರೊಳಗಿನ ಇಂಗಾಲಕ್ಕೆ ಸಾವಯವ ಇಂಗಾಲ ಎಂದು ಹೆಸರು. ರೈತರಿಗೆ ಇದು ಹೊಸ ಪದವಲ್ಲ. ಕೃಷಿ ಇಲಾಖೆ ಕೊಡುವ ಮಣ್ಣು ಆರೋಗ್ಯ ಚೀಟಿಯಲ್ಲಿ ಅದಕ್ಕೊಂದು ಸಾಲು ಮೀಸಲಾಗಿದೆ. ಶೇ 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’, 0.5ರಿಂದ 0.75ರವರೆಗೆ ‘ಮಧ್ಯಮ’, ಅದಕ್ಕೂ ಮೇಲಿದ್ದರೆ ‘ಹೆಚ್ಚು’. ಹೊಲದಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಚೀಟಿ ಹೇಳುತ್ತದೆ. ಹೊಲದಿಂದ ಎಷ್ಟು ಹೋಯಿತು ಎಂಬುದನ್ನು ತಿಳಿಯಬೇಕಾದರೆ ಹಳ್ಳದ ದಂಡೆಗೆ ಹೋಗಬೇಕು.

ಜಗತ್ತಿನ ನದಿಗಳೆಲ್ಲ ಸೇರಿ ವರ್ಷಕ್ಕೆ ಸುಮಾರು 40 ಕೋಟಿ ಟನ್ ಸಾವಯವ ಇಂಗಾಲವನ್ನು ಸಮುದ್ರಕ್ಕೆ ಮುಟ್ಟಿಸುತ್ತವೆ ಎಂಬುದು ವಿಜ್ಞಾನಿಗಳ ಅಂದಾಜು. ಈ ಲೆಕ್ಕವನ್ನು ಬಹಳ ಶ್ರದ್ಧೆಯಿಂದ ಇಟ್ಟಿರುವುದು ಭೂಮಿಯ ತೀರ ತಣ್ಣಗಿನ ತುದಿಯಲ್ಲಿ. ಸೈಬೀರಿಯಾದ ಓಬ್, ಯೆನಿಸೈ, ಲೆನಾ, ಕೊಲಿಮಾ ಮತ್ತು ಉತ್ತರ ಅಮೆರಿಕದ ಯುಕಾನ್, ಮೆಕೆಂಜಿ, ಈ ಆರು ನದಿಗಳು ಉತ್ತರ ಧ್ರುವದ ಕಡೆಯ ಸಮುದ್ರಗಳಿಗೆ ಇಳಿಯುತ್ತವೆ. 2003ರಿಂದ ಹಲವು ದೇಶಗಳ ವಿಜ್ಞಾನಿಗಳು ಈ ಆರರಲ್ಲೂ ಒಂದೇ ವಿಧಾನದಿಂದ ನೀರು ತುಂಬಿ, ಒಂದೇ ವಿಧಾನದಿಂದ ಅಳೆಯುತ್ತ ಬಂದಿದ್ದಾರೆ. ಬೆಣ್ಣೆಹಳ್ಳದ ದಂಡೆಯಲ್ಲಿ ನಿಂತು ಆ ದೂರದ ನದಿಗಳ ಮಾತು ಯಾಕೆ ಎನ್ನಿಸಬಹುದು. ನೆಲ ತನ್ನ ಸಾರವನ್ನು ನೀರಿಗೆ ಒಪ್ಪಿಸುವ ರೀತಿ ಅಲ್ಲೊಂದು ಬಗೆ, ಇಲ್ಲೊಂದು ಬಗೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಹೊಲಗಳ ಸ್ಥಿತಿ ಇನ್ನೂ ಸ್ಪಷ್ಟವಾಗುತ್ತದೆ.

ಪಯಣ ಕಲಘಟಗಿಯಿಂದ ಆರಂಭವಾಗಲಿ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟಿದ ಶಾಲ್ಮಲೆಯೂ ಹುಬ್ಬಳ್ಳಿ ಕಡೆಯಿಂದ ಬರುವ ಬೇಡ್ತಿಯೂ ಕೂಡುವುದು ಈ ತಾಲ್ಲೂಕಿನಲ್ಲೇ. ಇದು ಬಯಲುಸೀಮೆ ಮುಗಿದು ಮಲೆನಾಡು ಆರಂಭವಾಗುವ ಅಂಚು. ಭತ್ತದ ಗದ್ದೆ, ಗೋವಿನಜೋಳ, ಸೋಯಾ, ಅಲ್ಲಲ್ಲಿ ಕಬ್ಬು. ಅವುಗಳ ಹಿಂದೆ ಎಲೆ ಉದುರಿಸುವ ಕಾಡು. ಬೇಸಿಗೆಯಲ್ಲಿ ಉದುರಿದ ಎಲೆ ಕಾಡಿನ ನೆಲದಲ್ಲಿ ಪದರವಾಗಿ ಬಿದ್ದಿರುತ್ತದೆ. ಮುಂಗಾರಿನ ಮೊದಲ ಮಳೆಗಳು ಆ ಪದರದ ಮೂಲಕ ಇಳಿಯುವಾಗ ಎಲೆಯೊಳಗಿನ ರಸವನ್ನು ಕರಗಿಸಿಕೊಂಡೇ ಹಳ್ಳ ಸೇರುತ್ತವೆ. ಕಾಡಿನೊಳಗಿನ ಸಣ್ಣ ತೊರೆಯ ನೀರನ್ನು ಬೊಗಸೆಯಲ್ಲಿ ಹಿಡಿದರೆ ಕೆಸರು ಕಡಿಮೆ, ತೆಳು ಕಂದು ಬಣ್ಣ. ಅದೇ ತೊರೆ ಗದ್ದೆ, ಹೊಲಗಳ ನಡುವೆ ಹಾದು ಬಂದ ಮೇಲೆ ನೋಡಿದರೆ ಕೆಂಪು ರಾಡಿ.

ಇಲ್ಲಿ ಎರಡು ಬಗೆಯ ಸಾಗಾಟ ಕಾಣುತ್ತದೆ. ಒಂದು ಕರಗಿದ ಇಂಗಾಲ, ಇನ್ನೊಂದು ಕಣಗಳಲ್ಲಿ ಕೂತ ಇಂಗಾಲ. ಪ್ರಯೋಗಾಲಯದಲ್ಲಿ ಇವನ್ನು ಬೇರೆ ಮಾಡುವ ಕ್ರಮ ಸರಳ. ಗಾಜಿನ ನೂಲಿನ ಸೂಕ್ಷ್ಮ ಸೋಸುಹಾಳೆಯನ್ನು ಮೊದಲೇ ಒಲೆಯಲ್ಲಿ ಕಾಯಿಸಿ, ಅದರಲ್ಲಿರಬಹುದಾದ ಇಂಗಾಲವನ್ನು ಸುಟ್ಟುಹಾಕುತ್ತಾರೆ. ಆಮೇಲೆ ಅದರಲ್ಲಿ ನದಿಯ ನೀರು ಸೋಸುತ್ತಾರೆ. ಹಾಳೆಯ ಮೇಲೆ ನಿಂತದ್ದು ಕಣದ ಇಂಗಾಲ, ಕೆಳಗಿಳಿದದ್ದು ಕರಗಿದ ಇಂಗಾಲ. ಎರಡನ್ನೂ ಬೇರೆಬೇರೆಯಾಗಿ ಉರಿಸಿ, ಹೊರಬಂದ ಇಂಗಾಲದ ಡೈಆಕ್ಸೈಡನ್ನು ಅಳೆದರೆ ಲೆಕ್ಕ ಸಿಗುತ್ತದೆ. ಅದರಲ್ಲಿನ ಇಂಗಾಲ-14ರ ಪ್ರಮಾಣ ನೋಡಿ ಅದು ಹೋದ ವರ್ಷದ ಎಲೆಯದೋ ಸಾವಿರಾರು ವರ್ಷ ಹಿಂದಿನ ಗಿಡದ್ದೋ ಎಂದೂ ಹೇಳಬಹುದು.

ಬೇಡ್ತಿ ದುಮ್ಮವಾಡದ ಬಳಿ ನೀರಸಾಗರ ಜಲಾಶಯದಲ್ಲಿ ಸ್ವಲ್ಪ ಹೊತ್ತು ನಿಂತು, ಮುಂದೆ ಯಲ್ಲಾಪುರದ ಕಾಡು ಹೊಕ್ಕು, ಮಾಗೋಡಿನಲ್ಲಿ ಸುಮಾರು 200 ಮೀಟರ್ ಆಳಕ್ಕೆ ಧುಮುಕಿ ಘಟ್ಟ ಇಳಿಯುತ್ತದೆ. ಘಟ್ಟದ ಕೆಳಗೆ ಅದಕ್ಕೆ ಇಂಗಾಲ ಸೇರುವ ದಾರಿ ಒಮ್ಮೊಮ್ಮೆ ಘೋರವಾಗಿರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು, ಮಣ್ಣು, ಮರ, ಲಾರಿ, ಮನುಷ್ಯರ ಸಮೇತ ಗಂಗಾವಳಿಗೆ ಬಿತ್ತು. ಆ ಸಾವುನೋವಿನ ಮುಂದೆ ಬೇರೆ ಯಾವ ಲೆಕ್ಕವೂ ಸಣ್ಣದು. ಆದರೂ ಮಳೆ ಹೆಚ್ಚಿರುವ ಕಡಿದಾದ ಬೆಟ್ಟಗಳಲ್ಲಿ ಮಣ್ಣು ಮತ್ತು ಮರದ ಇಂಗಾಲ ದೊಡ್ಡ ಪ್ರಮಾಣದಲ್ಲಿ ನದಿಗೆ ಇಳಿಯುವ ದಾರಿಗಳಲ್ಲಿ ಇಂಥ ಕುಸಿತವೂ ಒಂದು. ಧಾರವಾಡದ ಗುಡಿಯೊಂದರ ಬಳಿ ಸದ್ದಿಲ್ಲದೆ ಹುಟ್ಟುವ ನೀರು ಸಮುದ್ರ ಮುಟ್ಟುವ ಹೊತ್ತಿಗೆ ಇಡೀ ಗುಡ್ಡಗಳನ್ನೇ ಹೊತ್ತಿರುತ್ತದೆ.

ಕಲಘಟಗಿ ಬಿಟ್ಟು ಹುಬ್ಬಳ್ಳಿ ದಾಟಿ ಕುಂದಗೋಳದ ದಾರಿ ಹಿಡಿದರೆ ನೆಲ ಬಯಲಾಗುತ್ತದೆ. ಗಾಯಕ ಸವಾಯಿ ಗಂಧರ್ವರ ಊರು ಇದು. ಸಂಗೀತ ಬಲ್ಲವರು ನಾಡಿಗೇರ ವಾಡೆ ನೋಡಲು ಬರುತ್ತಾರೆ. ಊರ ಹೊರಗೆ ಮೆಣಸಿನಕಾಯಿ, ಹತ್ತಿ, ಶೇಂಗಾ, ಹಿಂಗಾರಿಗೆ ಜೋಳ, ಕಡಲೆ. ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ದುಂಡಸಿ ಬಳಿ ಹುಟ್ಟುವ ಬೆಣ್ಣೆಹಳ್ಳ ಉತ್ತರಕ್ಕೆ ಮುಖ ಮಾಡಿ ಈ ತಾಲ್ಲೂಕಿನ ಮೂಲಕವೇ ಬರುತ್ತದೆ. ಇಲ್ಲಿಂದ ಅಣ್ಣಿಗೇರಿಯ ಅಮೃತೇಶ್ವರ ಗುಡಿಯ ಸುತ್ತಲ ಬಯಲು, ಅಲ್ಲಿಂದ ನವಲಗುಂದದ ಕೊನೆಯ ಊರಿನವರೆಗೂ ಎರೆ ಭೂಮಿ.

ಎರೆಯನ್ನು ಹತ್ತಿರದಿಂದ ನೋಡಬೇಕಾದರೆ ಏಪ್ರಿಲ್ ಕೊನೆಗೆ ಬರಬೇಕು. ಹೊಲ ಬಿರಿದು ಬಾಯಿ ತೆರೆದಿರುತ್ತದೆ. ಬಿರುಕಿನೊಳಗೆ ಮೊಳದುದ್ದದ ಕಡ್ಡಿ ಇಳಿಬಿಟ್ಟರೆ ತಳ ಸಿಗುವುದಿಲ್ಲ. ಅಂಚಿನ ಹೆಂಟೆಯನ್ನು ಮುರಿದು ನೋಡಿದರೆ ಒಳಗೆ ಹೋದ ಸಲದ ಜೋಳದ ಬೇರು, ಒಣ ರವುದಿಯ ಚೂರು, ಬಿಳಿ ಸುಣ್ಣಕಲ್ಲಿನ ಹರಳು. ಗಾಳಿ ಬೀಸಿದಾಗ ಮೇಲಿನ ಪುಡಿ ಮಣ್ಣು, ಕಸಕಡ್ಡಿ ಆ ಬಿರುಕಿಗೆ ಸುರಿಯುತ್ತಲೇ ಇರುತ್ತದೆ. ಮೊದಲ ಮಳೆಯ ನೀರೂ ಅಲ್ಲಿಗೇ ಇಳಿಯುತ್ತದೆ. ನೆಲ ಎರಡು ಮೂರು ಮಳೆ ಕುಡಿದ ಮೇಲೆ ಜೇಡಿ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲಿನ ಜೋರು ಮಳೆ ಒಳಗಿಳಿಯಲು ದಾರಿಯಿಲ್ಲದೆ ಮೇಲೆಯೇ ಹರಿಯುತ್ತದೆ. ಸಾವಯವ ಇಂಗಾಲಕ್ಕೆ ಇದೇ ಕೆಟ್ಟ ಗಳಿಗೆ. ಇಳಿಜಾರು ಕಣ್ಣಿಗೆ ಕಾಣದಷ್ಟು ಕಡಿಮೆಯಿದ್ದರೂ ನೀರು ಹೊಲದ ಮೈಯನ್ನು ತೆಳುವಾಗಿ ಸವರಿಕೊಂಡು ಹೋಗುತ್ತದೆ.

ಮಣ್ಣು ಇಷ್ಟು ಕಪ್ಪಗಿದ್ದರೆ ಇಂಗಾಲವೂ ಹೇರಳವಾಗಿರಬೇಕು ಎಂದುಕೊಳ್ಳುವುದು ಸಹಜ. ನಿಜ ಹಾಗಿಲ್ಲ. ಎರೆಯ ಕಪ್ಪು ಬರುವುದು ಇರುವಷ್ಟೇ ಸಾವಯವ ಅಂಶ ಜೇಡಿಯ ಕಣಗಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ. ಒಣ ಬೇಸಾಯದ ಹೆಚ್ಚಿನ ಎರೆ ಹೊಲಗಳಲ್ಲಿ ಅದರ ಪ್ರಮಾಣ ಶೇ ಅರ್ಧದ ಆಸುಪಾಸು. ವರ್ಷದ ಬಹುಕಾಲ ಬೆಚ್ಚಗಿರುವ ನೆಲದಲ್ಲಿ ಸೂಕ್ಷ್ಮಜೀವಿಗಳು ಗೊಬ್ಬರ, ಬೇರು, ಎಲೆಯನ್ನು ಬೇಗ ಬೇಗ ತಿಂದು ಗಾಳಿಗೆ ಬಿಡುತ್ತವೆ. ಉಳಿಯುವುದು ಸ್ವಲ್ಪ.

ಆ ಸ್ವಲ್ಪದ ಬೆಲೆ ಎಷ್ಟು ಎಂದು ಒಂದು ಎಕರೆಗೆ ಲೆಕ್ಕ ಹಾಕಬಹುದು. ಆರು ಇಂಚು ಆಳದವರೆಗಿನ ಮಣ್ಣಿನ ತೂಕ ಸುಮಾರು 750 ಟನ್. ಶೇ ಅರ್ಧದ ಲೆಕ್ಕದಲ್ಲಿ ಅದರಲ್ಲಿರುವ ಸಾವಯವ ಇಂಗಾಲ ನಾಲ್ಕು ಟನ್ನಿಗೂ ಕಡಿಮೆ. ಒಂದು ಮಳೆಗಾಲದಲ್ಲಿ ಬರೀ ಒಂದು ಮಿಲಿಮೀಟರ್ ಮಣ್ಣು ಜಾರಿದರೆ ಎಕರೆಗೆ 5 ಟನ್ ಮಣ್ಣು, ಅದರೊಂದಿಗೆ 25 ಕಿಲೋ ಇಂಗಾಲ ಹೋಯಿತು. ನಿಜವಾದ ನಷ್ಟ ಇದಕ್ಕೂ ಹೆಚ್ಚು. ನೀರು ಮೊದಲು ಎತ್ತಿಕೊಳ್ಳುವುದು ಮೇಲಿನ ಹಗುರ ಕಣ, ನುಣುಪು ಜೇಡಿ. ಇಂಗಾಲ ಹೆಚ್ಚಿರುವುದೂ ಅವುಗಳಲ್ಲೇ. ಭಾರತದಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 16.4 ಟನ್ ಮಣ್ಣು ಸವೆಯುತ್ತದೆ ಎಂದು 1983ರಲ್ಲಿ ಧ್ರುವನಾರಾಯಣ ಮತ್ತು ರಾಮ್ ಬಾಬು ಅಂದಾಜು ಮಾಡಿದ್ದರು. ಎಕರೆಗೆ ಇಳಿಸಿದರೆ ಆರೂವರೆ ಟನ್. ಅಂದರೆ ಒಂದು ಮಿಲಿಮೀಟರಿನ ಈ ಲೆಕ್ಕ ಉತ್ಪ್ರೇಕ್ಷೆಯದ್ದಲ್ಲ.

ನಮ್ಮ ಬೆಚ್ಚನೆಯ ನೆಲ ಇಂಗಾಲವನ್ನು ಹೆಚ್ಚು ಉಳಿಸಿಕೊಳ್ಳುವುದಿಲ್ಲ. ಸೈಬೀರಿಯಾದಲ್ಲಿ ಇದರ ತದ್ವಿರುದ್ಧ. ಅಲ್ಲಿ ನೆಲವೇ ಹೆಪ್ಪುಗಟ್ಟಿದೆ. ಬೇಸಿಗೆಯಲ್ಲಿ ಮೇಲಿನ ಒಂದಿಷ್ಟು ಪದರ ಕರಗುತ್ತದೆ, ಹುಲ್ಲು, ಹಾವಸೆ, ಲಾರ್ಚ್ ಮರ ಬೆಳೆಯುತ್ತವೆ. ಸತ್ತದ್ದು ಪೂರ್ತಿ ಕೊಳೆಯುವ ಮೊದಲೇ ಚಳಿಗಾಲ ಬಂದು ಅದನ್ನು ಹಾಗೇ ಹಿಡಿದಿಡುತ್ತದೆ. ಹೀಗೆ ಸಾವಿರಾರು ವರ್ಷ ಒಟ್ಟಾಗಿ, ಉತ್ತರದ ಹೆಪ್ಪುನೆಲದಲ್ಲಿ ಸುಮಾರು 1,50,000 ಕೋಟಿ ಟನ್ ಸಾವಯವ ಇಂಗಾಲ ಕೂತಿದೆ. ಇಡೀ ವಾತಾವರಣದಲ್ಲಿರುವ ಇಂಗಾಲದ ಹೆಚ್ಚುಕಡಿಮೆ ಎರಡು ಪಟ್ಟು.

ಲೆನಾ ನದಿ ಬೈಕಲ್ ಸರೋವರದ ಬಳಿಯ ಬೆಟ್ಟಗಳಲ್ಲಿ ಹುಟ್ಟಿ, ಯಾಕುತ್ಸ್ಕ್ ನಗರ ಹಾದು, 4,000 ಕಿಲೋಮೀಟರಿಗೂ ಹೆಚ್ಚು ಹರಿದು ಲಾಪ್ಟೆವ್ ಸಮುದ್ರ ಸೇರುತ್ತದೆ. ಚಳಿಗಾಲದಲ್ಲಿ ಅದರ ಮೇಲೆ ಲಾರಿ ಓಡುವಷ್ಟು ದಪ್ಪ ಹಿಮ. ಮೇ ತಿಂಗಳಲ್ಲಿ ದಕ್ಷಿಣದ ಮೇಲ್ದಂಡೆಯ ಹಿಮ ಮೊದಲು ಕರಗುತ್ತದೆ, ಉತ್ತರದ ಕೆಳದಂಡೆ ಇನ್ನೂ ಗಟ್ಟಿಯಾಗಿರುತ್ತದೆ. ಮೇಲಿಂದ ಬಂದ ನೀರಿಗೆ ದಾರಿ ಸಿಗದೆ ಹಿಮದ ಗೋಡೆಗಳು ಅಡ್ಡ ನಿಲ್ಲುತ್ತವೆ. 2001ರ ಮೇ ತಿಂಗಳಲ್ಲಿ ಲೆನ್ಸ್ಕ್ ಪಟ್ಟಣ ಹೀಗೆಯೇ ಮುಳುಗಿತು. ಹಿಮದ ಕಟ್ಟೆ ಒಡೆಯಲು ರಷ್ಯಾದ ವಿಮಾನಗಳು ಬಾಂಬು ಹಾಕಬೇಕಾಯಿತು.

ಹಿಮ ಒಡೆದು ಹರಿಯುವ ಆ ಕೆಲವು ವಾರಗಳಲ್ಲೇ ನದಿ ವರ್ಷದ ಕರಗಿದ ಇಂಗಾಲದ ದೊಡ್ಡ ಪಾಲನ್ನು ಸಾಗಿಸಿಬಿಡುತ್ತದೆ. ಕರಗುವ ಹಿಮದ ನೀರು ಕೆಳಗಿನ ಹೆಪ್ಪುನೆಲಕ್ಕೆ ಇಳಿಯಲಾರದೆ ಮೇಲಿನ ಎಲೆ, ಹಾವಸೆ, ಜವುಗು ಮಣ್ಣಿನೊಳಗೇ ಹರಿದು ಅವುಗಳ ರಸ ಹೀರಿಕೊಂಡು ಬರುತ್ತದೆ. ನದಿ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಉತ್ತರದ ಎಲ್ಲ ನದಿಗಳೂ ಸೇರಿ ವರ್ಷಕ್ಕೆ ಸುಮಾರು 3.4 ಕೋಟಿ ಟನ್ ಕರಗಿದ ಸಾವಯವ ಇಂಗಾಲವನ್ನು ಆರ್ಕ್ಟಿಕ್ ಸಾಗರಕ್ಕೆ ಒಯ್ಯುತ್ತವೆ ಎಂದು 2012ರಲ್ಲಿ ಪ್ರಕಟವಾದ ಲೆಕ್ಕ ಹೇಳುತ್ತದೆ. ಕಣದ ರೂಪದಲ್ಲಿ ಹೋಗುವುದು 58 ಲಕ್ಷ ಟನ್ ಎಂಬುದು 2016ರ ಅಂದಾಜು. ತಣ್ಣನೆಯ ನಾಡಿನ ಬಯಲು ನದಿಗಳಲ್ಲಿ ಇಂಗಾಲ ಬಹುಪಾಲು ಕರಗಿಯೇ ಹೋಗುತ್ತದೆ. ಎರೆ ಸೀಮೆಯ ಹಳ್ಳಗಳಲ್ಲಿ ಕಣ್ಣಿಗೆ ಹೊಡೆದು ಕಾಣುವುದು ಮಣ್ಣಿಗೆ ಅಂಟಿಕೊಂಡು ಹೋಗುವ ಇಂಗಾಲ.

ಹಳ್ಳ ಕಪ್ಪಾದಷ್ಟೂ ಇಂಗಾಲ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂದಲ್ಲ. ವೇಣುಗೋಪಾಲನ್ ಇತ್ತೆಕ್ಕೋಟ್ ಎಂಬ ವಿಜ್ಞಾನಿ ಜಗತ್ತಿನ ಹಲವು ನದಿಗಳ ಅಂಕಿ ಅಂಶ ಕೂಡಿಸಿ 1988ರಲ್ಲಿ ತೋರಿಸಿದ ಹಾಗೆ, ನೀರಿನಲ್ಲಿ ರಾಡಿ ಹೆಚ್ಚಿದಂತೆಲ್ಲ ಆ ರಾಡಿಯೊಳಗಿನ ಸಾವಯವ ಇಂಗಾಲದ ಶೇಕಡಾ ಪಾಲು ಇಳಿಯುತ್ತದೆ. ದಟ್ಟ ಕೆಸರಿನ ನದಿ ಎಂದರೆ ಇಂಗಾಲ ಬಡವಾದ ನೆಲ ದೊಡ್ಡ ಪ್ರಮಾಣದಲ್ಲಿ ಕೊಚ್ಚಿಹೋಗುತ್ತಿದೆ ಎಂದು ಅರ್ಥ.

ನವಲಗುಂದ ದಾಟಿ ನರಗುಂದದ ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋದರೆ ಯಮನೂರು. ರಾಜಾಬಾಗಸವಾರ ದರ್ಗಾದ ಜಾತ್ರೆಗೆ ಹಿಂದೂ, ಮುಸ್ಲಿಂ ಎನ್ನದೆ ಸಾವಿರಾರು ಜನ ಇಲ್ಲಿಗೆ ಬಂದು ಬೆಣ್ಣೆಹಳ್ಳದಲ್ಲಿ ಮಿಂದು ಹೋಗುತ್ತಾರೆ. ಬೇಸಿಗೆಯಲ್ಲಿ ಸೇತುವೆ ಮೇಲೆ ನಿಂತು ಇಣುಕಿದರೆ ದಂಡೆ ತುಂಬ ಜಾಲಿ, ನಡುವೆ ಅಲ್ಲಲ್ಲಿ ನಿಂತ ನೀರು. ಇದೇನು ಹಳ್ಳ ಎನ್ನಿಸುತ್ತದೆ. ಆದರೆ ಮೇಲೆ ಶಿಗ್ಗಾವಿ, ಕುಂದಗೋಳ, ಹುಬ್ಬಳ್ಳಿ ಸೀಮೆಯಲ್ಲಿ ಒಂದು ರಾತ್ರಿ ಮಳೆ ಹೊಡೆದರೆ, ಬೆಳಗಾಗುವುದರೊಳಗೆ ಇಲ್ಲಿ ಹೊಲ ಯಾವುದು, ಹಳ್ಳ ಯಾವುದು ಗೊತ್ತಾಗದು. 2009ರಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ನೆರೆಯಲ್ಲಿ, 2019ರ ಆಗಸ್ಟ್‌ನಲ್ಲಿ, ಬೆಣ್ಣೆಹಳ್ಳ, ತುಪ್ಪರಿಹಳ್ಳಗಳ ದಂಡೆಯ ಹೊಲಗಳು ದಿನಗಟ್ಟಲೆ ನೀರೊಳಗಿದ್ದವು. ಬೆಣ್ಣೆಹಳ್ಳಕ್ಕೆ ದೊಡ್ಡ ಅಣೆಕಟ್ಟಿಲ್ಲ. ಅದು ಮಲಪ್ರಭೆ ಸೇರುವುದೂ ನವಿಲುತೀರ್ಥದ ಜಲಾಶಯದ ಕೆಳಗೆ, ರೋಣ ತಾಲ್ಲೂಕಿನ ಮೆಣಸಗಿ ಬಳಿ. ಹಾಗಾಗಿ ಅದರ ಪ್ರವಾಹವನ್ನು ತಡೆದು ನಿಲ್ಲಿಸುವವರು ಯಾರೂ ಇಲ್ಲ.

ನೆರೆ ಇಳಿದ ಮೇಲೆ ಈ ಊರುಗಳ ಕಟ್ಟೆಯ ಮೇಲೆ ಕೂತ ಹಿರಿಯರನ್ನು ಮಾತಾಡಿಸಿದರೆ ಮೊದಲು ಬರುವುದು ಬೆಳೆಯ ಮಾತು, ಆಮೇಲೆ ಮಣ್ಣಿನದು. ‘ಅಜ್ಜಾರ, ಹಳ್ಳ ಬಂದ್ರ ಗೋಡು ತಂದು ಹಾಕ್ತದಲ್ರಿ, ಹೊಲಕ್ಕ ಚಲೋ ಅಲ್ಲೇನ್ರಿ?’ ಎಂದು ಕೇಳಿದರೆ ಸಿಗುವ ಉತ್ತರ ಹೀಗಿರುತ್ತದೆ: ‘ತಮ್ಮಾ, ಕೆಳಗಿನವನ ಹೊಲಕ್ಕ ಹಾಕಿದ್ದು ಮ್ಯಾಲಿನವನ ಹೊಲದ್ದಲ್ಲೇನು? ನಮ್ಮಪ್ಪನ ಕಾಲಕ್ಕ ಒಡ್ಡು ಎದಿ ಮಟ ಇತ್ತು. ಈಗ ಮೊಣಕಾಲ ಮಟಾನೂ ಇಲ್ಲ. ಮಳಿ ಬಿದ್ರ ನಿಲ್ಲೂದರ ಎಲ್ಲಿ?’

ಈ ಮಾತಿನಲ್ಲಿ ನದಿಶಾಸ್ತ್ರದ ಅರ್ಧ ಪಾಠವಿದೆ. ಹಳ್ಳ ಎತ್ತಿಕೊಂಡ ಮಣ್ಣೆಲ್ಲ ಸಮುದ್ರಕ್ಕೆ ಹೋಗುವುದಿಲ್ಲ. ಬಹಳಷ್ಟು ದಾರಿಯಲ್ಲೇ ಇಳಿಯುತ್ತದೆ: ಕೆಳಗಿನವನ ಹೊಲದಲ್ಲಿ, ಜಾಲಿಕಂಟಿಯ ಬುಡದಲ್ಲಿ, ಸೇತುವೆಯ ಕಂಬದ ಹಿಂದೆ. ಹಾಗೆ ಹೂಳು ತುಂಬಿದ ಹಳ್ಳದ ಹೊಟ್ಟೆ ಚಿಕ್ಕದಾಗಿ, ಮುಂದಿನ ಸಲ ಅಷ್ಟೇ ಮಳೆಗೆ ಇನ್ನೂ ಅಗಲಕ್ಕೆ ಹರಡುತ್ತದೆ. ಮೇಲಿನ ಹೊಲದ ಸವಕಳಿ ಮತ್ತು ಕೆಳಗಿನ ಊರಿನ ನೆರೆ ಒಂದೇ ಸರಪಳಿಯ ಎರಡು ತುದಿ.

ಮುಂದಿನ ದಾರಿಯೂ ಗಮನಿಸಬೇಕಾದದ್ದೇ. ಮಲಪ್ರಭೆ ಪಟ್ಟದಕಲ್ಲು, ಐಹೊಳೆಗಳ ಮಗ್ಗುಲಲ್ಲಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. 2019ರ ನೆರೆಯಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಮಲಪ್ರಭೆಯ ನೀರು ನುಗ್ಗಿತ್ತು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ಸುತ್ತುವರಿದಿರುವುದು ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರು. ಹರಿವು ಇಲ್ಲಿ ನಿಧಾನವಾಗುತ್ತದೆ, ಹೊತ್ತು ತಂದ ಮಣ್ಣು ತಳಕ್ಕೆ ಕೂರುತ್ತದೆ. ಅದನ್ನೂ ದಾಟಿದ್ದಕ್ಕೆ ಮುಂದೆ ಶ್ರೀಶೈಲ, ನಾಗಾರ್ಜುನಸಾಗರ. ಹೀಗೆ ಮಣ್ಣು ನಡುದಾರಿಯಲ್ಲೇ ನಿಂತುಹೋಗುವುದರಿಂದ ಕೃಷ್ಣಾ ನದಿಯ ಮುಖಜಭೂಮಿಗೆ ಹೊಸ ಮಣ್ಣು ಸಿಗದೆ ಅದರ ಅಂಚು ಸವೆಯುತ್ತಿದೆ. ಜಲಾಶಯದ ತಳದಲ್ಲಿ ಹೂತ ಇಂಗಾಲದ ಒಂದು ಪಾಲು ಅಲ್ಲೇ ಭದ್ರವಾಗಿರುತ್ತದೆ. ಇನ್ನೊಂದು ಪಾಲನ್ನು ಗಾಳಿಯಾಡದ ಕೆಸರಿನ ಸೂಕ್ಷ್ಮಜೀವಿಗಳು ಮೀಥೇನ್ ಮಾಡಿ ಮೇಲಕ್ಕೆ ಕಳಿಸುತ್ತವೆ. ಕುಂದಗೋಳದ ಹೊಲದಲ್ಲಿ ಇದ್ದಾಗ ಬೆಳೆಗೆ ಬಲವಾಗಿದ್ದ ವಸ್ತು, ಜಲಾಶಯದ ತಳದಲ್ಲಿ ಯಾರಿಗೂ ಉಪಯೋಗವಿಲ್ಲದ ಹೂಳು.

ಸಮುದ್ರ ಮುಟ್ಟಿದ್ದು ಏನಾಗುತ್ತದೆ? ಹಿಮಾಲಯದ ನದಿಗಳ ವಿಷಯದಲ್ಲಿ ಇದಕ್ಕೆ ಉತ್ತರ ಸಿಕ್ಕಿದೆ. ಗಂಗಾ, ಬ್ರಹ್ಮಪುತ್ರಗಳು ತಂದ ಸಾವಯವ ಇಂಗಾಲದ ಬಹುಪಾಲು ಬಂಗಾಳ ಕೊಲ್ಲಿಯ ತಳದಲ್ಲಿ ಕೊಳೆಯದೆ ಹೂತುಹೋಗುತ್ತದೆ ಎಂದು 2007ರಲ್ಲಿ ಗಾಲಿ ಮತ್ತು ಸಂಗಡಿಗರು ತೋರಿಸಿದರು. ಗೋದಾವರಿಯ ಮುಂದಿನ ಸಮುದ್ರತಳದಿಂದ ತೆಗೆದ ಕೆಸರಿನ ಕಂಬವನ್ನು ಓದಿ ಲಿವಿಯು ಜಿಯೊಸಾನ್ ಮತ್ತು ಸಂಗಡಿಗರು 2017ರಲ್ಲಿ ಇನ್ನೊಂದು ಸಂಗತಿ ಹೇಳಿದರು. ಸುಮಾರು 4,000 ವರ್ಷಗಳಿಂದ ಈಚೆಗೆ, ಮಳೆ ಕ್ಷೀಣಿಸಿ, ಹಸಿರು ತೆಳುವಾಗಿ, ಬೇಸಾಯ ಹರಡಿದ ಹಾಗೆ, ದಖನ್ನಿನ ಸವೆದ ಮಣ್ಣು ಅಲ್ಲಿ ಹಿಂದೆಂದೂ ಇಲ್ಲದಷ್ಟು ವೇಗದಲ್ಲಿ ಬಂದು ಬಿದ್ದಿದೆ. ಕರಿಮಣ್ಣಿನ ಸೀಮೆ ತನ್ನ ನೆಲವನ್ನು ಸಮುದ್ರಕ್ಕೆ ಕೊಡುತ್ತಿರುವುದು ನಿನ್ನೆ ಮೊನ್ನೆಯ ಕಥೆಯಲ್ಲ.

ಉತ್ತರದ ನದಿಗಳಲ್ಲೂ ಹಳೆಯದು ಹೊರಬರುತ್ತಿದೆ, ಬೇರೆ ಕಾರಣಕ್ಕೆ. ಹಿಂದೆ ಹೇಳಿದ ಆರು ನದಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಸರು ಹೊರುವುದು ಕೆನಡಾದ ಮೆಕೆಂಜಿ. ಅದು ಹೊತ್ತೊಯ್ಯುವ ನೆಲದ ಸಾವಯವ ಕಣಗಳ ಸರಾಸರಿ ವಯಸ್ಸು ಸುಮಾರು 5,800 ವರ್ಷ ಎಂದು ರಾಬರ್ಟ್ ಹಿಲ್ಟನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದರು. ಕೊಲಿಮಾ ನದಿಯ ದಂಡೆಯ ದುವಾನ್ನಿ ಯಾರ್ ಎಂಬಲ್ಲಿ ಹತ್ತಾರು ಸಾವಿರ ವರ್ಷ ಹಳೆಯ ಹೆಪ್ಪುನೆಲ ಕರಗಿ ನದಿಗೆ ಕುಸಿಯುತ್ತದೆ. ಅಲ್ಲಿನ ಕರಗಿದ ಇಂಗಾಲದಲ್ಲಿ ಮೂರನೇ ಒಂದು ಪಾಲನ್ನು ಸೂಕ್ಷ್ಮಜೀವಿಗಳು ಹದಿನಾಲ್ಕೇ ದಿನಗಳಲ್ಲಿ ಮುಗಿಸಿದ್ದು 2013ರ ಪ್ರಯೋಗದಲ್ಲಿ ಕಂಡಿತು. ಮಾನವ ನಾಗರಿಕತೆಗಳಿಗಿಂತ ಎಷ್ಟೋ ಮೊದಲು ಹೂತ ಇಂಗಾಲ ಎರಡು ವಾರದಲ್ಲಿ ಗಾಳಿಯ ಪಾಲು. ಭೂಮಿ ಬಿಸಿಯೇರಿದಷ್ಟೂ ಆ ನೆಲ ಕರಗುತ್ತದೆ, ಅದರಿಂದ ಹೊರಬಂದದ್ದು ಬಿಸಿಯನ್ನು ಇನ್ನಷ್ಟು ಏರಿಸುತ್ತದೆ. ಯಾಕುತ್ಸ್ಕ್‌ನ ದನಗಾಹಿಯೊಬ್ಬ ತನ್ನ ಹುಲ್ಲುಗಾವಲಿನ ಕೆಳಗಿನ ಹೆಪ್ಪು ಕರಗದಂತೆ ತಡೆಯಲು ಏನೂ ಮಾಡಲಾರ. ಅದನ್ನು ಕರಗಿಸುವ ಹೊಗೆ ಬರುವುದು ಬೇರೆ ಊರುಗಳಿಂದ.

ಧಾರವಾಡದ ಹಳ್ಳಿಗಳ ಸ್ಥಿತಿ ಹಾಗಲ್ಲ. ಇಲ್ಲಿ ಇಂಗಾಲ ಹೊಲ ಬಿಟ್ಟು ಹೋಗುವ ಎರಡು ದಾರಿಗಳಾದರೂ ಕೈಗೆಟಕುವಂಥವು. ಒಂದು ಬೆಂಕಿ. ಹತ್ತಿ ಬಿಡಿಸಿದ ಮೇಲೆ ಕಟ್ಟಿಗೆಯನ್ನು, ಕಬ್ಬು ಕಡಿದ ಮೇಲೆ ರವುದಿಯನ್ನು ಹೊಲದಲ್ಲೇ ಸುಡುವ ರೂಢಿ ಇನ್ನೂ ಹೋಗಿಲ್ಲ. ಬಹುಪಾಲು ಹೊಗೆಯಾಗುತ್ತದೆ, ಉಳಿದ ಕರಿ ಮಳೆಗೆ ಹಳ್ಳ ಸೇರುತ್ತದೆ. ಜಗತ್ತಿನ ನದಿಗಳು ಸಾಗಿಸುವ ಕರಗಿದ ಸಾವಯವ ಇಂಗಾಲದಲ್ಲಿ ಸುಮಾರು ಹತ್ತನೇ ಒಂದು ಪಾಲು ಹೀಗೆ ಸುಟ್ಟ ಗಿಡಮರಗಳಿಂದ ಬಂದದ್ದು ಎಂದು 2013ರಲ್ಲಿ ರುಡಾಲ್ಫ್ ಜಾಫೆ ಮತ್ತು ಸಂಗಡಿಗರು ಲೆಕ್ಕ ಕೊಟ್ಟಿದ್ದಾರೆ. ಇನ್ನೊಂದು ದಾರಿ, ಕಟ್ಟೆಯ ಮೇಲಿನ ಹಿರಿಯರು ಹೇಳುವ ಕುಸಿದ ಒಡ್ಡು.

ಒಡ್ಡಿನ ವಿದ್ಯೆ ಇಲ್ಲಿಯವರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಹೊಲದ ಕೆಳಬದಿಗೆ ಎತ್ತರದ ಮಣ್ಣಿನ ಒಡ್ಡು, ಹೆಚ್ಚಾದ ನೀರು ಹೊರಬೀಳಲು ಕಲ್ಲು ಕಟ್ಟಿದ ಕೋಡಿ. ನೀರು ಒಡ್ಡಿಗೆ ಬಂದು ನಿಂತು, ಮಣ್ಣು ಇಳಿಸಿ, ತಿಳಿಯಾಗಿ ಮುಂದೆ ಹೋಗುತ್ತಿತ್ತು. ಈ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿದ್ದಾಗ 1942ರಲ್ಲಿ ಬಂದ ಭೂಸುಧಾರಣೆ ಯೋಜನೆಗಳ ಕಾಯ್ದೆಯ ಕೆಳಗೆ ಸಮಪಾತಳಿ ಒಡ್ಡುಗಳನ್ನು ಸರ್ಕಾರವೇ ದೊಡ್ಡ ಪ್ರಮಾಣದಲ್ಲಿ ಹಾಕಿಸಿತು. ಆಮೇಲೆ ಹೊಲಗಳು ಅಣ್ಣತಮ್ಮಂದಿರ ನಡುವೆ ಹಂಚಿಹೋದವು, ಟ್ರ್ಯಾಕ್ಟರ್ ತಿರುಗಿಸಲು ಅಡ್ಡಿ ಎಂದು ಎಷ್ಟೋ ಒಡ್ಡು ನೆಲಸಮವಾದವು. ಮನೆಯ ಎತ್ತು, ಎಮ್ಮೆ ಕಡಿಮೆಯಾಗಿ ತಿಪ್ಪೆಯೂ ಸಣ್ಣದಾಯಿತು. ಮಣ್ಣಿಗೆ ಬರುವುದು ಕಡಿಮೆ, ಮಣ್ಣಿನಿಂದ ಹೋಗುವುದು ಹೆಚ್ಚು.

ನವಲಗುಂದ ನೀರಿಗಾಗಿ ಬೀದಿಗಿಳಿದ ಊರು. 1980ರ ಜುಲೈ 21ರ ರೈತ ಬಂಡಾಯದಲ್ಲಿ ನವಲಗುಂದ, ನರಗುಂದಗಳಲ್ಲಿ ರೈತರು ಪ್ರಾಣ ಕೊಟ್ಟರು. ಮಲಪ್ರಭಾ ಕಾಲುವೆಯ ನೀರು ಮುಟ್ಟದ ಹೊಲಗಳಿಗೂ ಅಭಿವೃದ್ಧಿ ಕರ ಕೇಳಿದ ಸಿಟ್ಟು ಅದು. ಮಹದಾಯಿ ನದಿಯ ನೀರಿಗಾಗಿ ಕೂತ ಧರಣಿಗಳ ನೆನಪು ಇನ್ನೂ ಹಸಿಯಾಗಿದೆ. ಆ ಹೋರಾಟ ನ್ಯಾಯದ್ದು. ಬರಬೇಕಾದ ನೀರಿನ ಲೆಕ್ಕವನ್ನು ಇಷ್ಟು ಗಟ್ಟಿಯಾಗಿ ಕೇಳಿದ ಜನ, ಹೋಗುತ್ತಿರುವ ಮಣ್ಣಿನ ಲೆಕ್ಕವನ್ನೂ ಅಷ್ಟೇ ಗಟ್ಟಿಯಾಗಿ ಕೇಳುವ ಕಾಲ ಬಂದಿದೆ. ಎಷ್ಟು ನೀರು ಬಂದರೂ ಅದನ್ನು ಹಿಡಿದಿಟ್ಟುಕೊಳ್ಳಲು ಮಣ್ಣಿನ ಸಾವಯವ ಅಂಶವೂ ಬೇಕು.

ಮಾಡಬೇಕಾದ ಕೆಲಸ ಗೊತ್ತಿರುವಂಥದ್ದೇ. ಉದ್ಯೋಗ ಖಾತರಿ ಕೂಲಿಯಲ್ಲಿ ಬದು, ಕೃಷಿ ಹೊಂಡದ ಕೆಲಸ ಮಾಡಿಸಿಕೊಳ್ಳಬಹುದು. ಗ್ರಾಮಸಭೆಯಲ್ಲಿ ರಸ್ತೆಗೆ, ಗಟಾರಕ್ಕೆ ಕೈ ಎತ್ತಿದ ಹಾಗೆ ಒಡ್ಡಿಗೂ ಎತ್ತಬೇಕು. ಬೇಸಿಗೆಯಲ್ಲಿ ಕೆರೆಯ, ಹಳ್ಳದ ಗೋಡನ್ನು ಹೊಲಕ್ಕೆ ಹೇರುವುದು ಎಂದರೆ ಹೋದ ಇಂಗಾಲದ ಒಂದು ಪಾಲನ್ನು ಮರಳಿ ಮನೆಗೆ ತರುವುದು. ಹೆಸರು ಕಿತ್ತ ಮೇಲೆ ಹೊಟ್ಟನ್ನು, ಹತ್ತಿ ಮುಗಿದ ಮೇಲೆ ಕಟ್ಟಿಗೆಯನ್ನು ಪುಡಿ ಮಾಡಿಸಿ ಮಣ್ಣಿಗೆ ಸೇರಿಸುವ ಯಂತ್ರಗಳು ಬಾಡಿಗೆಗೆ ಸಿಗುವಂತಾಗಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇಲ್ಲೇ ಪಕ್ಕದಲ್ಲಿದೆ. ಲೆನಾ, ಕೊಲಿಮಾಗಳಿಗೆ ಇಟ್ಟ ಲೆಕ್ಕವನ್ನು ಬೆಣ್ಣೆಹಳ್ಳಕ್ಕೂ ಇಡುವುದು ಅಸಾಧ್ಯವೇನಲ್ಲ: ಯಮನೂರಿನ ಸೇತುವೆಯಿಂದ ಮಳೆಗಾಲವಿಡೀ ನೀರು ತುಂಬಿ ಸೋಸಿ ತೂಗಿದರೆ, ಮೇಲಿನ ತಾಲ್ಲೂಕುಗಳ ಹೊಲಗಳಿಂದ ವರ್ಷಕ್ಕೆ ಎಷ್ಟು ಮಣ್ಣು, ಎಷ್ಟು ಇಂಗಾಲ ಹೋಗುತ್ತಿದೆ ಎಂದು ರೈತರ ಮುಂದೆ ಅಂಕಿಯಲ್ಲೇ ಇಡಬಹುದು. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ರೋಹಿಣಿ ಮಳೆ ಬರುವುದಕ್ಕೆ ಮೊದಲು ಪ್ರತಿಯೊಬ್ಬರೂ ತಮ್ಮ ಹೊಲದ ಕೆಳಬದಿಗೆ ಒಮ್ಮೆ ನಡೆದು ಹೋಗಿ, ಒಡ್ಡು ಎಲ್ಲಿ ಒಡೆದಿದೆ ನೋಡಿ, ಈ ಬೇಸಿಗೆಯಲ್ಲೇ ಅದನ್ನು ಕಟ್ಟಿಸಲಿ.